ಜಜ್ಜಿಹೋದ ಟೊಮೇಟೊ

ಇಬ್ಬರೂ ಒಂದೇ ಸಲಕ್ಕೆ ಒಲೆ ಆರಿಸಲು ಕೈ ಚಾಚಿದ್ದರಿಂದ ಕೈಗೆ ಕೈ ತಗಲಿತು. ಪಾತ್ರೆಯಲ್ಲಿ ಬೇಳೆ ಮುಕ್ಕಾಲು ಪಾಲು ಬೆಂದಿತ್ತು. ಮುಚ್ಚಿಟ್ಟರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

"ನೀವೇ ಆರಿಸಿ," ಎಂದು ಮುದುಕಿ ಕೈ ಹಿಂದಕ್ಕೆಳೆದುಕೊಂಡಳು.

"ಪರವಾಗಿಲ್ಲ, ನೀವೇ ಆರಿಸಿ," ಎಂದಳು ಮನೆಗೆ ಹೊಸದಾಗಿ ಬಂದವಳು.

ಈ ಉಪಚಾರದ ನಡುವೆ ಬೇಳೆ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಹಾಳಾದದ್ದನ್ನು ನೋಡಿ ಇಬ್ಬರ ಹೊಟ್ಟೆಯೂ ಒಟ್ಟಿಗೇ ಉರಿಯಿತು.

ಮುದುಕಿ ಆ ಮನೆಯ ಯಜಮಾನನಾದ ವ್ಯಾನ್ ಡ್ರೈವರನ ಮೊದಲ ಹೆಂಡತಿಯ ತಾಯಿ. ಮಗಳು ತೀರಿಕೊಂಡ ಮೇಲೂ ಅಳಿಯ ಅವಳನ್ನು ಹೋಗೆನ್ನಲಿಲ್ಲ, ಅವಳೂ ಹೊರಡುತ್ತೇನೆ ಎನ್ನಲಿಲ್ಲ. ಮಕ್ಕಳಿಲ್ಲದ ಮನೆ. ಅವನು ದುಡಿದು ತರುತ್ತಿದ್ದ, ಅವಳು ಬೇಯಿಸಿ ಹಾಕುತ್ತಿದ್ದಳು. ಇನ್ನೊಂದು ಮದುವೆ ಮಾಡಿಕೊ ಎಂದು ಅವನ ಬೆನ್ನು ಹತ್ತಿದವಳೂ ಅವಳೇ. ಕೊನೆಗೆ ಅವನು ಕಟ್ಟಿಕೊಂಡು ಬಂದದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಹಳ ವರ್ಷ ಅಡುಗೆ ಮಾಡಿದ್ದ, ನಲವತ್ತು ದಾಟಿದ ಹೆಂಗಸನ್ನು. ಬೀದಿಯವರು ಅವಳಿಗೆ ಕ್ಯಾಂಟೀನಕ್ಕ ಎಂದು ಹೆಸರಿಟ್ಟರು.

ಬಂದವಳು ಕೈ ಬಿಗಿಯಿಲ್ಲದವಳಾಗಿದ್ದರೆ ಮುದುಕಿ ಅವಳಿಗೆ ಹೇಳಿಕೊಡುತ್ತ ಆರಾಮವಾಗಿ ಇದ್ದುಬಿಡುತ್ತಿದ್ದಳು. ಆದರೆ ಹೇಳಿಕೊಡಲು ಏನೂ ಉಳಿದಿರಲಿಲ್ಲ. ಮುದುಕಿ ಹಾಲಿನ ಪ್ಯಾಕೆಟ್ಟಿಗೆ ನೀರು ಹಾಕಿ ಕುಲುಕಿ ಚಹಾಕ್ಕೆ ಸುರಿದರೆ, ಕ್ಯಾಂಟೀನಕ್ಕ ಆ ಪ್ಯಾಕೆಟ್ಟನ್ನೇ ಸೀಳಿ ತೊಳೆದು ಒಣಗಲು ಹಾಕುತ್ತಿದ್ದಳು. ಇವಳು ಹೂಕೋಸಿನ ದಂಟು ಹೆಚ್ಚಿ ಪಲ್ಯ ಮಾಡಿದರೆ ಅವಳು ಎಲೆಯನ್ನೂ ಬಿಡುತ್ತಿರಲಿಲ್ಲ. "ನಮ್ಮನೇಲಿ ಕಸದ ಬುಟ್ಟಿ ಉಪವಾಸ ಬಿದ್ದಿದೆ," ಎಂದು ಅಳಿಯ ನಗುತ್ತಿದ್ದ. ಮುದುಕಿಗೆ ನಗು ಬರುತ್ತಿರಲಿಲ್ಲ. ಕ್ಯಾಂಟೀನಕ್ಕ ತನ್ನನ್ನು ಏನೆಂದೂ ಕರೆಯದೆ "ಇದನ್ನ ತಗೊಳ್ಳಿ", "ಕೇಳಿಸ್ತಾ?" ಎಂದಷ್ಟರಲ್ಲೇ ಕೆಲಸ ಸಾಗಿಸುವುದನ್ನೂ ಅವಳು ಗಮನಿಸಿದ್ದಳು. ತಾನೂ ಅವಳನ್ನು ನೀವು ಎಂದೇ ದೂರದಿಂದ ಮಾತನಾಡಿಸುತ್ತಿದ್ದಳು.

ಬೇಳೆ ಉಕ್ಕಿದ ಆ ಮಧ್ಯಾಹ್ನ ಮುದುಕಿ ತನ್ನ ಬಟ್ಟೆಬರೆ ಗಂಟು ಕಟ್ಟಿದಳು. ಅಳಿಯನಿಗೆ ಫೋನಿನಲ್ಲೇ ಹೇಳಿದಳು. "ನಾಳೆ ಬೆಳಿಗ್ಗೆ ತಮ್ಮನ ಮನೆಗೆ ಹೋಗ್ತೀನಪ್ಪ. ಇಷ್ಟಗಲ ಅಡುಗೆಮನೆ. ಇಬ್ಬರು ತಿರುಗಾಡೋಕೆ ಆಗಲ್ಲ."

"ಬರ್ತೀನಿ ಇರಿ, ಅತ್ತೆ," ಎಂದ ಅವನು.

ಸ್ವಲ್ಪ ಹೊತ್ತಿಗೆ ಬಂದೂ ಬಂದ. ಆದರೆ ಅವನ ಜೊತೆ ನಾಲ್ಕು ಕ್ರೇಟು ಟೊಮೇಟೊ ಬಂತು. ದಾರಿಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮೇಲಿನ ಕ್ರೇಟುಗಳು ಕುಸಿದು ಹಣ್ಣು ಜಜ್ಜಿಹೋಗಿತ್ತು. ಅಂಗಡಿಯವನು ಇಳಿಸಿಕೊಳ್ಳಲಿಲ್ಲ, ಸರಕಿನ ಸಾಹುಕಾರ ಎಲ್ಲಾದರೂ ಬಿಸಾಡು ಎಂದಿದ್ದ.

"ಬಿಸಾಡೋದಾ?" ಎಂದರು ಇಬ್ಬರೂ ಒಂದೇ ಉಸಿರಿನಲ್ಲಿ.

ಅವನು ಮೆಲ್ಲನೆ ವ್ಯಾನು ಹತ್ತಿ ಜಾಗ ಖಾಲಿ ಮಾಡಿದ. ಇನ್ನೂ ಎರಡು ಕಡೆ ಸರಕು ಇಳಿಸುವುದಿತ್ತು.

ಕ್ಯಾಂಟೀನಕ್ಕ ನೆಲಕ್ಕೆ ಹಳೆ ಪೇಪರ್ ಹಾಸಿ ಗಟ್ಟಿ ಹಣ್ಣು, ಮೆತ್ತಗಿನದು, ಒಡೆದದ್ದು ಎಂದು ಮೂರು ಗುಡ್ಡೆ ಮಾಡಿದಳು. ರಾಶಿ ಕಂಡರೆ ಹೆದರುವವಳಲ್ಲ ಅವಳು. ಒಡೆದದ್ದನ್ನು ಮೊದಲು ಬೇಯಿಸಬೇಕು ಎನ್ನುತ್ತ ದೊಡ್ಡ ಪಾತ್ರೆ ಒಲೆಗೇರಿಸಿ ಒಂದು ಚೊಂಬು ನೀರು ಎತ್ತಿದಳು.

"ನೀರು ಹಾಕಬೇಡ ಕಣೇ! ಅದರಲ್ಲೇ ಬೇಕಾದಷ್ಟಿದೆ. ಹಾಕಿದ್ದನ್ನ ಇಂಗಿಸೋಕೆ ಮತ್ತೆ ಗ್ಯಾಸ್ ಸುಡ್ತೀಯಾ?" ಎಂದಳು ಮುದುಕಿ.

ಕಣೇ ಎಂದದ್ದು ಅವಳಿಗೇ ಆಮೇಲೆ ಕೇಳಿಸಿತು. ಕ್ಯಾಂಟೀನಕ್ಕ ಚೊಂಬು ಕೆಳಗಿಟ್ಟಳು. ಅವಳ ಮುಖ ಸ್ವಲ್ಪ ಸಡಿಲವಾಯಿತು.

ಬೆಂದದ್ದನ್ನು ಸೋಸಬೇಕಿತ್ತು. ಮನೆಯಲ್ಲಿದ್ದದ್ದು ಚಹಾ ಸೋಸುವ ಜರಡಿ. ಅದರಲ್ಲಿ ಸೋಸುತ್ತ ಕೂತರೆ ಬೆಳಗಾಗುತ್ತಿತ್ತು. ತೆಳು ಬಟ್ಟೆ ಬೇಕೆಂದು ಕ್ಯಾಂಟೀನಕ್ಕ ಡಬ್ಬಿಗಳ ಹಿಂದೆಲ್ಲ ತಡಕಾಡಿದಳು. ಮುದುಕಿ ಎದ್ದು ಹೋಗಿ ಕಟ್ಟಿಟ್ಟಿದ್ದ ಗಂಟು ಬಿಚ್ಚಿದಳು. ಒಗೆದು ಒಗೆದು ಮೆತ್ತಗಾಗಿದ್ದ ಹತ್ತಿಯ ಹೊದಿಕೆ ತಂದಳು.

"ಅಯ್ಯೋ, ಬೇಡಿ. ಅಲ್ಲಿ ಹೊದ್ಕೊಳ್ಳೋಕೆ ಬೇಕಾಗುತ್ತೆ."

ಮುದುಕಿ ಹೊದಿಕೆಯ ಅಂಚು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು.

ಆಮೇಲೆ ಮಾತಿಗೆ ಪುರುಸೊತ್ತಿರಲಿಲ್ಲ. ಬಟ್ಟೆಯ ಎರಡು ತುದಿ ಇವಳು, ಎರಡು ತುದಿ ಅವಳು ಹಿಡಿದು ಹಿಂಡಿದರು. ಮೊದಲು ಇಳಿದ ತಿಳಿಯಲ್ಲಿ ರಾತ್ರಿಯ ಅನ್ನ ಬೇಯಿಸಬಹುದು ಎಂದು ಮುದುಕಿ ಅದನ್ನು ಎತ್ತಿಟ್ಟಳು. ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಬಹುದೆಂದು ತಟ್ಟೆಗಳಲ್ಲಿ ಹರಡಿದಳು. "ಇದೊಂದು ನಂಗೆ ಗೊತ್ತಿರ್ಲಿಲ್ಲ. ಕ್ಯಾಂಟೀನಲ್ಲಿ ಸಿಪ್ಪೇನ ಬುಟ್ಟಿಗಟ್ಟಲೆ ಎಸೀತಿದ್ವಿ," ಎಂದಳು ಕ್ಯಾಂಟೀನಕ್ಕ. ಮುದುಕಿ ಸಿಪ್ಪೆಗಳನ್ನು ಒಂದಕ್ಕೊಂದು ತಾಗದಂತೆ ಇನ್ನೊಮ್ಮೆ ಸರಿಸಿದಳು. ಅಷ್ಟೇನೂ ಅವಸರವಿಲ್ಲದವಳ ಹಾಗೆ.

ಇಂಗಿಸಿದ ರಸವನ್ನು ಹಳೆ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದು, ಕೆಡದಿರಲೆಂದು ನೀರಿನಲ್ಲಿಟ್ಟು ಕುದಿಸಿದರು. ಕೊನೆಗೆ ಆ ನೀರನ್ನು ಬಚ್ಚಲಿಗೆ ಒಯ್ಯಬೇಕಿತ್ತು. ಕ್ಯಾಂಟೀನಕ್ಕ ಹಬೆಯಾಡುವ ಪಾತ್ರೆ ಎತ್ತಿಕೊಂಡು ತಿರುಗಿದರೆ, ಮುದುಕಿ ಬೆನ್ನು ಹಾಕಿ ಬಾಗಿಲಲ್ಲೇ ಬಗ್ಗಿ ನೆಲ ಒರೆಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು.

"ಅತ್ತೆ, ಜರುಗಿ!"

ಮುದುಕಿ ಗೋಡೆಗಂಟಿದಳು. ಬಿಸಿನೀರು ಬಚ್ಚಲಿಗೆ ಹೋಯಿತು. ಖಾಲಿ ಪಾತ್ರೆ ಹಿಡಿದು ಕ್ಯಾಂಟೀನಕ್ಕ ಬಾಗಿಲಲ್ಲಿ ನಿಂತಳು.

"ಏನಂತ ಕರೀಬೇಕು ಅಂತ ಗೊತ್ತಾಗಿರ್ಲಿಲ್ಲ. ಅವ್ರು ಕರೆಯೋದೇ ಬಾಯಿಗೆ ಬಂತು," ಎಂದಳು.

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಅಲ್ಲಿ ಇಲ್ಲಿ ಉಳಿದಿತ್ತೇನೋ, ಇನ್ನೊಮ್ಮೆ ಒರೆಸಿಕೊಂಡಳು. "ಅವನಿಗೂ ಅತ್ತೆ, ನಿನಗೂ ಅತ್ತೆ. ಒಂದೇ ಮಾತಲ್ಲಿ ಇಬ್ಬರ ಕೆಲಸ ಆಯ್ತಲ್ಲ. ಉಳಿತಾಯ."

ಮೊದಲು ನಕ್ಕದ್ದು ಯಾರೋ. ಆಮೇಲೆ ಇಬ್ಬರಿಗೂ ನಿಲ್ಲಿಸಲಾಗಲಿಲ್ಲ.

ರಾತ್ರಿ ಅಳಿಯ ಹೆದರುತ್ತಲೇ ಒಳಗೆ ಕಾಲಿಟ್ಟ. ಕೆಂಪಗೆ ಬೆಂದ ಅನ್ನವನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದ. ತಟ್ಟೆ ನೋಡುತ್ತಲೇ ಕೇಳಿದ, "ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಬಿಡ್ಲಿ, ಅತ್ತೆ?"

"ಸಿಪ್ಪೆ ಒಣಗೋಕೆ ಒಂದು ವಾರ ಬೇಕು. ಅದನ್ನ ಯಾರು ಮಗುಚಿ ಹಾಕ್ತಾರೆ?"

"ಒಣಗಿದ ಮೇಲೆ?"

"ಒಣಗಿದ ಮೇಲೆ ಪುಡಿ ಮಾಡ್ಬೇಡ್ವೇನೋ?" ಎಂದು ಮುದುಕಿ ಗದರಿದಳು. ಅವನು ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡ.

ಬೆಳಿಗ್ಗೆ ಬಾಟಲಿಗಳು ಪೂರ್ತಿ ಆರಿದ್ದವು. ಮುದುಕಿ ಒಂದೊಂದರ ಮುಚ್ಚಳವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಂದು ಮಾತ್ರ ಟಕ್ ಎಂದಿತು. ಮುಚ್ಚಳ ಸರಿಯಾಗಿ ಕೂರದೆ ಒಳಗೆ ಗಾಳಿ ಹೊಕ್ಕಿತ್ತು. ಅದನ್ನು ಅವತ್ತಿನ ಅಡುಗೆಗೆಂದು ಒಲೆಯ ಪಕ್ಕ ಇಟ್ಟಳು. ಕ್ಯಾಂಟೀನಕ್ಕ ಸ್ಟೂಲು ಹತ್ತಿ ಮೇಲಿನ ಗೂಡನ್ನು ಒರೆಸಿದಳು. ಮುದುಕಿ ಕೆಳಗಿನಿಂದ ಬಾಟಲಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

"ಹಿಡ್ಕೊಂಡ್ಯಾ?"

"ಹಿಡ್ಕೊಂಡೆ, ಬಿಡಿ."