ಜಪಾನಿನವರು ಕೇಳಿದ ಪ್ರಶ್ನೆ

“ಕುರ್ಚಿಯ ತುದಿಯಲ್ಲಿ ಕೂರ್ಬೇಡ ಬೇವರ್ಸಿ, ಹಿಂದೆ ಸರ್ದು ಕೂರು. ಹೊಡ್ದು ಕೂರಿಸಿದ್ದು ಅಂತ ಎಣಿಸ್ತಾರೆ ಜಪಾನಿನವರು.”

ಮ್ಯಾನೇಜರ್ ಹೇಳಿದಂತೆ ಸುಂದರ ಹಿಂದೆ ಸರಿದ. ಕೊಲ್ಲಿ ದೇಶದ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ ಪೈಪುಗಳಿಗೆ ಬಣ್ಣ ಬಳಿಯುವ ಅವನಿಗೆ ಮ್ಯಾನೇಜರ್ ಅಖಿಲನ ಪಕ್ಕ ಕೂತು ಅಭ್ಯಾಸವಿರಲಿಲ್ಲ. ಊರಿನಲ್ಲಿ ಅಖಿಲನ ಅಪ್ಪ ಧಣಿ, ಸುಂದರನ ಮನೆಯವರು ಆ ಅಂಗಳದ ಆಳುಗಳು. ಕಡಲು ದಾಟಿದರೂ ಧಣಿ ಧಣಿಯೇ, ಆಳು ಆಳೇ.

ಕಾಂಟ್ರಾಕ್ಟ್ ಕೊಟ್ಟ ಜಪಾನಿನ ಕಂಪನಿಯವರು ಮಧ್ಯಾಹ್ನ ಮೆಸ್ಸಿಗೆ ಬರುವವರಿದ್ದರು. ಅವರ ಕಣ್ಣಿಗೆ ಬೀಳಲೆಂದು ಗೋಡೆಗೆ ಬ್ಯಾನರ್ ಕಟ್ಟಿದ್ದರು: ಆಕಾಶ ಯಾರನ್ನೂ ಮೇಲು, ಯಾರನ್ನೂ ಕೀಳು ಮಾಡಿ ಹುಟ್ಟಿಸಲಿಲ್ಲ.

“ಇದು ಅವರ ಹಳೇ ಕಾಲದ ಪಂಡಿತ ಫುಕುಜಾವಾ ಹೇಳಿದ್ದು,” ಎಂದ ಅಖಿಲ. “ಕತ್ತಿ ಕಟ್ಟಿಕೊಂಡು ಜಂಬ ಮಾಡುವವರಿಗೆ ಶಾಲೆ ಕಟ್ಟಿ ಲೆಕ್ಕ ಕಲಿಸಿದ, ವ್ಯಾಪಾರಕ್ಕೆ ಇಳಿಸಿದ. ಜಪಾನ್ ಮೇಲೆ ಬಂದದ್ದು ಹಾಗೆ. ಮತ್ತೆ ಓದಿದವ ಮೇಲೆ, ಓದದವ ಕೆಳಗೆ ಅಂತ ಹೇಳಿದ್ದೂ ಅವನೇ. ನಿನ್ನನ್ನು ನೋಡಿದ್ರೆ ಗೊತ್ತಾಗ್ತದಲ್ಲ.”

ಸುತ್ತ ನಿಂತವರು ನಕ್ಕರು. ಸುಂದರನಿಗೆ ಬೇಕಾದದ್ದು ಒಂದು ಸಹಿ. ಪಕ್ಕದ ಅಹ್ಮದಿ ಊರಿನ ಇನ್ನೊಂದು ಕಂಪನಿ ಅವನನ್ನು ತೆಗೆದುಕೊಳ್ಳಲು ಒಪ್ಪಿತ್ತು; ಇಲ್ಲಿಂದ ಬಿಡುಗಡೆ ಪತ್ರ ಕೊಡಬೇಕಾದವನು ಅಖಿಲ.

“ನಾವಿಬ್ಬರು ಒಟ್ಟಿಗೆ ಉಣ್ಣುವ ಫೋಟೋಕ್ಕೆ ನೆಟ್ಟಗೆ ಕೂರು, ನಾನು ಹೇಳಿದ್ದಕ್ಕೆ ತಲೆ ಆಡಿಸು. ಸಂಜೆ ರಿಲೀಸಿಗೆ ಸೈನ್ ಹಾಕ್ತೇನೆ. ಬಾಲ ಬಿಚ್ಚಿದ್ರೆ ನಿನ್ನ ವೀಸಾ ಹಿಡಿದ ಕಫೀಲಿಗೆ ಒಂದು ಮಾತು, ಖಲಾಸ್.”

ಅತಿಥಿಗಳು ಬಂದರು. ಅವರಲ್ಲಿ ಹಿರಿಯನೊಬ್ಬ ಸುಂದರನಿಗೂ ತಲೆಬಾಗಿ ವಂದಿಸಿದ. ಸುಂದರ ಗಡಿಬಿಡಿಯಲ್ಲಿ ಏಳಲು ಹೋದರೆ ಅಖಿಲ ಹಲ್ಲು ಕಿರಿಯುತ್ತಲೇ ಅವನ ಭುಜ ಅದುಮಿ ಕೂರಿಸಿದ. ಒಂದೇ ಹರಿವಾಣದಿಂದ ಇಬ್ಬರೂ ಬಿರಿಯಾನಿ ತಿನ್ನುವ ಫೋಟೋ ತೆಗೆದರು.

ಹಿರಿಯ ಬ್ಯಾನರ್ ಓದಿ, ಸುಂದರನನ್ನು ನೋಡಿ, ಇಂಗ್ಲಿಷಿನಲ್ಲಿ ಏನೋ ಕೇಳಿದ.

“ಶಾಲೆ ಯಾಕೆ ಬಿಟ್ಟೆ ಅಂತ ಕೇಳ್ತಾರೆ,” ಎಂದ ಅಖಿಲ. “ಏನಾದ್ರೂ ಗೊಣಗು, ನಾನು ಹೇಳಿಕೊಳ್ತೇನೆ.”

ಸುಂದರ ಕೈಯ ತುತ್ತನ್ನು ಕೆಳಗಿಟ್ಟ.

“ನಿಮ್ಮ ಅಪ್ಪ ಬಿಡಿಸಿದ್ದು, ಧಣಿ. ಆರನೇ ಕ್ಲಾಸಲ್ಲಿ ಬೆಂಚಿಂದ ಎಬ್ಬಿಸಿ ಎಳ್ಕೊಂಡು ಹೋದ್ರು. ಇವ ಓದಿದ್ರೆ ನನ್ನ ದನದ ಹಟ್ಟಿಗೆ ಸೊಪ್ಪು ಹಾಕುದು ಯಾರು, ನಿನ್ನ ಅಪ್ಪನಾ ಅಂತ ಮಾಸ್ಟ್ರಿಗೇ ಕೇಳಿದ್ರು. ಅದೇ ವರ್ಷ ನೀವು ಮಂಗಳೂರಿಗೆ ಓದ್ಲಿಕ್ಕೆ ಹೋದದ್ದು.”

ಅಖಿಲನ ಮುಖದ ನಗು ಕದಲಲಿಲ್ಲ. ಹಿರಿಯನತ್ತ ತಿರುಗಿ, “ಪೂರ್ ಫ್ಯಾಮಿಲಿ, ಸರ್. ವೆರಿ ಪೂರ್,” ಎಂದ.

ಹಿರಿಯ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದ. ಆ ಕನಿಕರ ಸುಂದರನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. ಸೈಟಿನಲ್ಲಿ ಹೆಕ್ಕಿಕೊಂಡ ಇಂಗ್ಲಿಷು ಅವನಲ್ಲೂ ಒಂದು ಹಿಡಿಯಷ್ಟಿತ್ತು.

“ನೋ ಸರ್,” ಎಂದು ಅಖಿಲನತ್ತ ಬೆರಳು ಮಾಡಿದ. “ಹಿಸ್ ಫಾದರ್. ಹಿಸ್ ಫಾದರ್ ಸ್ಟಾಪ್ ಮೈ ಸ್ಕೂಲ್.”

ಮೇಜಿನ ಕೆಳಗೆ ಅಖಿಲನ ಬೂಟು ಸುಂದರನ ಕಾಲಿನ ಮೇಲೆ ಬಂತು.

“ಸೈನ್ ಬೇಡವಾ ನಿಂಗೆ, ರಂಡೆಮಗನೇ,” ಎಂದ, ಅತಿಥಿಗಳಿಗೆ ನಗು ತೋರಿಸುತ್ತಲೇ.

ಬೂಟಿನ ಹಿಮ್ಮಡಿ ಇನ್ನೂ ಒತ್ತಿತು. ಸುಂದರ ಕಾಲು ಎಳೆದುಕೊಳ್ಳಲಿಲ್ಲ. ಹಿಂದಿನ ಸಾಲಿನ ಜಪಾನಿನವರಿಗೂ ಕೇಳಲಿ ಎಂದು ಅದನ್ನೇ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.