ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ

ಇಸ್ತ್ರಿ ಅಕ್ಕ ಬಿಳಿ ಅಂಗಿಯ ಕಾಲರಿಗೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತುತ್ತಿದ್ದಳು. ಅಂಗಿಯ ಒಡೆಯ ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು ಮೇಜಿನ ಪಕ್ಕ ಕಾಯುತ್ತಿದ್ದ. ಅವಳ ಸ್ವಂತ ತಮ್ಮ, ನಗರಸಭೆಯ ಸದಸ್ಯ. ಬೀದಿಗೆಲ್ಲ ಸಾಹೇಬ, ಅವಳಿಗೆ ಮಾತ್ರ ಪುಟ್ಟ.

"ಸಭೆಗೆ ಹೊತ್ತಾಯ್ತು ಕಣಕ್ಕ."

"ನಿನ್ನ ಅಂಗಿಗೆ ಸುಕ್ಕು ಜಾಸ್ತಿ. ಕೂತ್ಕೋ."

ಅವನು ಕೂರಲಿಲ್ಲ. ಹೆಂಗಸರ ಮೇಲಿನ ಹಲ್ಲೆ ತಡೆಯಲೆಂದು ಬಡಾವಣೆಗಳಿಗೆ ಹಣ ಮಂಜೂರಾಗಿತ್ತು. ಅದನ್ನು ಯಾವುದಕ್ಕೆ ಬಳಸಬೇಕೆಂದು ಬೀದಿಯ ಮಹಿಳಾ ಸಂಘವೇ ಬರೆದು ತಿಳಿಸಬೇಕು. ಸಂಘದ ಅಧ್ಯಕ್ಷೆ ಇಸ್ತ್ರಿ ಅಕ್ಕ. ತಮ್ಮ ತಾನೇ ಒಂದು ಅರ್ಜಿ ಬರೆಸಿ ತಂದಿದ್ದ: ಬೀದಿಯುದ್ದಕ್ಕೂ ದೀಪದ ಕಂಬ, ಮೂಲೆಗೊಂದು ಕ್ಯಾಮೆರಾ. ಅವಳ ರುಜುವೊಂದು ಬಾಕಿ.

ಸಂಘದವರು ಕೂತು ಬರೆದ ಕಾಗದ ಬೇರೆಯೇ ಇತ್ತು. ಏಟು ತಿಂದು ಮನೆಯಿಂದ ಹೊರಬಿದ್ದವಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಮನೆಮನೆಗೆ ಹೋಗಿ ಗಂಡಸರನ್ನೂ ಕೂರಿಸಿಕೊಂಡು ಮಾತಾಡುವ ಇಬ್ಬರಿಗೆ ಸಂಬಳ. ಕೋಣೆ ಎಲ್ಲಿ ಎಂಬ ಕಡೆ ಅಕ್ಕನ ಅಂಗಡಿಯ ಹಿಂಭಾಗವೆಂದು ಬರೆದಿತ್ತು. ಆ ಕಾಗದ ಮಳೆಗಾಲ ಶುರುವಾದಾಗಿನಿಂದ ಇಸ್ತ್ರಿ ಮೇಜಿನ ಕಂಬಳಿಯ ಕೆಳಗೆ ಮಲಗಿತ್ತು. ದಿನವೂ ಮೇಲೆ ಪೆಟ್ಟಿಗೆ ಓಡಾಡಿ ಅದು ರಟ್ಟಿನಷ್ಟು ಪೆಡಸಾಗಿತ್ತು. ಅಂಗಡಿ ನಿಂತಿದ್ದ ಜಾಗ ನಗರಸಭೆಯದು. ಅದು ಇಷ್ಟು ವರ್ಷ ಉಳಿದದ್ದು ತಮ್ಮನ ಮಾತಿನ ಮೇಲೆ. ರುಜು ಹಾಕಲು ಅಕ್ಕನ ಕೈ ಹಿಂಜರಿದದ್ದು ಅದಕ್ಕೇ.

ತಮ್ಮ ತನ್ನ ಕಷ್ಟ ಹೇಳಿಕೊಂಡ. ಕತ್ತಲಲ್ಲಿ ಹೆಣ್ಣುಮಕ್ಕಳು ನಡೆಯಲು ಹೆದರುವುದು ಸುಳ್ಳೇ ಎಂದು ಕೇಳಿದ. ಕಂಬವಾದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ, ಕೋಣೆಯೆಂದರೆ ಗಂಡಹೆಂಡಿರ ನಡುವೆ ತಲೆಹಾಕಿದಂತೆ, ಬೀದಿಯ ಗಂಡಸರೆಲ್ಲ ತನ್ನ ಮೇಲೆ ಹರಿಹಾಯುತ್ತಾರೆ ಎಂದ. ಅದೂ ನಿಜವೇ ಆಗಿತ್ತು.

ಅಂಗಡಿಯ ಮೂಲೆಯಲ್ಲಿ ಬಟ್ಟೆ ಮಡಿಸುವವಳು ತಲೆ ತಗ್ಗಿಸಿ ಮಡಿಸುತ್ತಲೇ ಇದ್ದಳು. ಹಿಂದಿನ ಸಂಜೆ ಒಂದೇ ಚಪ್ಪಲಿಯಲ್ಲಿ ಓಡಿಬಂದವಳು, ಹಿಂದಿನ ಕೋಣೆಯ ಬಟ್ಟೆ ಗಂಟುಗಳ ನಡುವೆ ಮಲಗಿದ್ದಳು. ಅವಳ ಗಂಡ ಎದುರಿನ ನಲ್ಲಿ ರಿಪೇರಿ ಅಂಗಡಿಯವನು. ಚುನಾವಣೆಯಲ್ಲಿ ಸಾಹೇಬರ ಬಲಗೈ.

"ಒಳ್ಳೆ ಹುಡುಗ ಕಣಕ್ಕ ಅವನು. ಕೋಪ ಒಂದು ಜಾಸ್ತಿ," ಎಂದು ತಮ್ಮ ದನಿ ತಗ್ಗಿಸಿದ.

"ಅಷ್ಟು ಕೋಪ ಇರೋನು ನಿನಗೆ ಒಂದು ದಿನಾನೂ ಯಾಕೋ ಹೊಡೆದಿಲ್ಲ?"

ಮೂಲೆಯಿಂದ ಮಡಿಸುವವಳೇ ಮಾತಾಡಿದಳು. "ನಮ್ಮನೇಲಿ ದೀಪ ಇದೆ ಸಾಹೇಬ್ರೇ. ಹೊಡೆಯೋವಾಗ ಅವರು ಆರಿಸಲ್ಲ."

ತಮ್ಮ ಜಾರುತ್ತಿದ್ದ ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡ.

"ಸರಿ, ನಿಮ್ಮ ಕಾಗದಾನೇ ಕಳಿಸು," ಎಂದ ತಮ್ಮ, ಈ ಸಲ ಸದಸ್ಯನ ದನಿಯಲ್ಲಿ. "ಕೋಣೆ ಎಲ್ಲಿದೆ ಅಂತ ನಾಳೆ ನಗರಸಭೆಯೋರು ಟೇಪು ಹಿಡ್ಕೊಂಡು ಅಳೆಯೋಕೆ ಬರ್ತಾರೆ. ಆಗ ಅಂಗಡಿ ಉಳಿಸಪ್ಪಾ ಅಂತ ನನ್ನ ಬಾಗಿಲಿಗೆ ಬರಬೇಡ."

ಅಕ್ಕ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ಬರ್ತೀನಿ ಪುಟ್ಟ. ಮೇಜು ಹೊತ್ಕೊಂಡೇ ಬರ್ತೀನಿ. ನಿನ್ನ ಗೇಟಿನ ಮುಂದೆ ಹಾಕ್ಕೊಂಡು ಅಲ್ಲೇ ಇಸ್ತ್ರಿ ಮಾಡ್ತೀನಿ. ಇವಳು ಪಕ್ಕದಲ್ಲಿ ಕೂತು ಮಡಿಸ್ತಾಳೆ. ಯಾಕೆ ಇಲ್ಲಿದೀರಿ ಅಂತ ಕೇಳಿದೋರಿಗೆಲ್ಲ ಹೇಳ್ತೀವಿ."

ಬಿಸಿ ಅಂಗಿಯನ್ನು ಅವನ ಕೈಗಿತ್ತು, ರುಜುವಿಲ್ಲದ ಅರ್ಜಿಯನ್ನು ಅದರ ಮೇಲಿಟ್ಟಳು. ಆಮೇಲೆ ಕಂಬಳಿಯ ಅಂಚು ಎತ್ತಿ ಕಾಗದ ಹೊರತೆಗೆದಳು. ಅದೂ ಬೆಚ್ಚಗಿತ್ತು. ಅವನ ಎದುರಿಗೇ ಅಕ್ಷರಗಳನ್ನು ಕೂಡಿಸುತ್ತ ನಿಧಾನವಾಗಿ ರುಜು ಹಾಕಿ, ಲಕೋಟೆಗೆ ಸೇರಿಸಿ ಅಂಟಿಸಿದಳು.

"ಅಂಚೆಗೆ ಹೋಗಿ ರಿಜಿಸ್ಟರ್ ಮಾಡಿಸಿಬಿಡು ಮಗಾ," ಎಂದು ಮಡಿಸುವವಳಿಗೆ ಕೊಟ್ಟಳು. ತನ್ನ ಚಪ್ಪಲಿ ಕಳಚಿ ಅವಳ ಕಾಲ ಬಳಿಗೆ ತಳ್ಳಿದಳು. "ಹಿಂದಿನ ಬಾಗಿಲು ಬೇಡ. ಮುಂದಿನಿಂದಲೇ ಹೋಗು."

ದೊಡ್ಡದಾದ ಚಪ್ಪಲಿ ಪಟಪಟ ಬಡಿಯುತ್ತ ಅವಳು ರಸ್ತೆಗಿಳಿದಳು. ನಲ್ಲಿ ಅಂಗಡಿಯವನು ಎದ್ದು ಬಾಗಿಲಿಗೆ ಬಂದ. ಇತ್ತ ಅಕ್ಕ ಬರಿಗಾಲಲ್ಲೇ ಹೊರಬಂದು ಮೆಟ್ಟಿಲ ಮೇಲೆ ನಿಂತಳು. ಅವನು ಅಕ್ಕನನ್ನು ನೋಡಿದ, ಅವಳ ಹಿಂದೆ ಅಂಗಿ ಹಿಡಿದು ನಿಂತ ಸಾಹೇಬರನ್ನು ನೋಡಿದ. ಸಾಹೇಬರು ಏನೂ ಸನ್ನೆ ಮಾಡಲಿಲ್ಲ. ಅವನು ಅಲ್ಲೇ ನಿಂತ.

ರಸ್ತೆಯ ಕೊನೆಯಲ್ಲಿ ಅಂಚೆ ಕಚೇರಿಯ ಕಿಟಕಿ ತೆರೆದಿತ್ತು. ಮಡಿಸುವವಳ ಕೈ ಲಕೋಟೆಯೊಡನೆ ಒಳಗೆ ಹೋಯಿತು, ಬರಿದಾಗಿ ಹೊರಬಂತು.