ಹಾಬರ್ಟ್ ಪುರ್ಡಿಯ ತಡವಾದ ಪೆಟ್ಟು

ಪೊಮೋನಾ ಊರಿನಲ್ಲಿ ಲೈಲ್ ಕೆಸ್ಲರ್‌ನ ಗ್ಯಾರೇಜಿನೊಳಗೆ ಕಾರಿಗೆ ಜಾಗವಿರಲಿಲ್ಲ. ಅಲ್ಲೆಲ್ಲ ಹಳೆಯ ಡ್ರಮ್ ಯಂತ್ರಗಳೇ ತುಂಬಿದ್ದವು. ಒಂದೊಂದೂ ಮರದ ಪೆಟ್ಟಿಗೆ, ಒಳಗೆ ತುದಿಗೆ ತುದಿ ಕೂಡಿಸಿದ ಟೇಪುಗಳು. ಯಾವ ಕಾಲದಲ್ಲೋ ಒಬ್ಬ ಡ್ರಮ್ಮರ್ ಬಾರಿಸಿದ ವರಸೆ ಅದರಲ್ಲಿ ಸುತ್ತುತ್ತಲೇ ಇರುತ್ತದೆ. ಗುಂಡಿ ಒತ್ತಿ, ಜೊತೆಗೆ ಆರ್ಗನ್ ನುಡಿಸಿಕೊಂಡರಾಯಿತು. ಈ ಹುಚ್ಚು ಹಿಡಿದವರಿಗೆ ಮನೆಮಠ ನೆನಪಿರುವುದಿಲ್ಲ. ಲೈಲ್ ಅವರಲ್ಲಿ ಎತ್ತಿದ ಕೈ.

ಹೊಸದಾಗಿ ಕೊಂಡ ಪೆಟ್ಟಿಗೆಯಲ್ಲಿ ವಾಲ್ಟ್ಜ್ ಎಂಬ ಜೋಡಿ ಕುಣಿತದ ತಾಳವೊಂದು ಕುಂಟುತ್ತಿತ್ತು. ಸುತ್ತಿನ ಕೊನೆಯ ಪೆಟ್ಟು ಪ್ರತಿ ಸಲವೂ ಚೂರು ತಡ. ಶನಿವಾರದ ಕುಣಿತಕ್ಕೆ ಅದು ಬೇಕಿತ್ತು. ಲೈಲ್ ಬ್ಲೇಡು ತೆಗೆದು, ಆ ಪೆಟ್ಟಿನ ಮುಂಚಿನ ಉಗುರಗಲದ ಟೇಪು ಓರೆಯಾಗಿ ಕತ್ತರಿಸಿ, ತುದಿಗಳನ್ನು ಅಂಟಿಸಿಬಿಟ್ಟ. ತಾಳ ನೆಟ್ಟಗಾಯಿತು. ತುಂಡು ಕಸದ ಡಬ್ಬಿಗೆ ಬಿತ್ತು.

ಕುಣಿತ ಮುಗಿದ ಮಾರನೆಯ ದಿನ ಫೋನು ಬಂತು. ವರ್ನಾ ಪುರ್ಡಿ ಎಂಬ ಮುದುಕಿ.

"ನಿನ್ನೆ ಕುಣಿತಕ್ಕೆ ಹೋದವರು ಹೇಳಿದ್ರು, ನಿನ್ನ ಹತ್ರ ಆ ಪೆಟ್ಟಿಗೆ ಇದೆಯಂತೆ. ಅದರಲ್ಲಿ ವಾಲ್ಟ್ಜ್ ಬಾರಿಸಿದ್ದು ನನ್ನ ಗಂಡ ಹಾಬರ್ಟ್ ಕಣಪ್ಪಾ. ಅವನು ಹೋದ್ಮೇಲೆ ಅವನ ಕೈ ಕೇಳೇ ಇಲ್ಲ. ಒಂದ್ಸಲ ಕೇಳಿಸ್ತೀಯಾ?"

"ಅದಕ್ಕೇನಂತೆ, ಬನ್ನಿ."

ಫೋನಿಟ್ಟವನ ಕಣ್ಣು ಡಬ್ಬಿಯ ಕಡೆ ಹೋಯಿತು. ತುಂಡನ್ನು ಹುಡುಕಿ ಮತ್ತೆ ಸೇರಿಸುವುದು ಅವನಿಗೆ ಎಡಗೈ ಕೆಲಸ. ಆದರೆ ತಾನು ನೇರ್ಪು ಮಾಡಿದ್ದನ್ನು ತಾನೇ ಕೆಡಿಸುವುದೇ? ಉಗುರಗಲ, ಯಾರಿಗೆ ಗೊತ್ತಾಗುತ್ತದೆ! ಸೋಮಾರಿತನವಲ್ಲ ಅದು, ಶುದ್ಧ ಸೊಕ್ಕು. ಡಬ್ಬಿಯನ್ನು ತಾನೇ ರಸ್ತೆಗೆ ಎಳೆದಿಟ್ಟ. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದು ಹೊತ್ತುಕೊಂಡು ಹೋಯಿತು.

ವರ್ನಾ ನಿಂಬೆಹಣ್ಣಿನ ಕೇಕು ಹಿಡಿದು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಮಡಿಸುವ ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ತಾಳ ಹಾಕತೊಡಗಿದಳು. ಸುತ್ತಿನ ಕೊನೆಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ಮತ್ತೊಂದು ಸುತ್ತು, ಮತ್ತೆ ಹಾಗೇ.

"ಅಯ್ಯೋ, ಸರಿಯಾಗಿ ಬಾರಿಸಿದಾನಲ್ಲ!" ಎಂದು ನಕ್ಕಳು. "ಕುಣಿಯೋವಾಗ್ಲೂ ಕೊನೇ ಹೆಜ್ಜೇಲಿ ನನ್ನ ಮುಖ ನೋಡ್ಕೊಂಡು ನಿಂತ್ಬಿಡೋನು. ಡ್ರಮ್ಮಲ್ಲೂ ಅದೇ ಚಾಳಿ. ಬ್ಯಾಂಡಿಂದ ಬ್ಯಾಂಡಿಗೆ ಓಡಿಸಿದ್ರು. ನಾನೂ ಬಿಡಲಿಲ್ಲ, 'ಜನ್ಮದಲ್ಲಿ ಒಂದ್ಸಲನಾದ್ರೂ ನೆಟ್ಟಗೆ ಬಾರಿಸೋ ದಂಡಪಿಂಡ' ಅಂತ ಬೈತಿದ್ದೆ." ಅವಳ ದನಿ ಒಡೆಯಿತು. "ಬಾರಿಸಿದಾನೆ ನೋಡು. ಮನೇಲಿ ಇದರ ಬಗ್ಗೆ ಬಾಯೇ ಬಿಡಲಿಲ್ಲ. ಸುಮ್‌ಸುಮ್ನೆ ನೋಯಿಸ್ಬಿಟ್ಟೆ, ಪಾಪಿ ನಾನು."

ಸುಮ್ಮನಿದ್ದರೆ ಅವಳು ಕೇಕು ಕೊಟ್ಟು ಹೊರಟುಹೋಗುತ್ತಿದ್ದಳು. ಆದರೆ ತಾನು ಮಾಡಿದ ತಪ್ಪಿಗೆ ಅವಳು ಅಳುವುದನ್ನು ಲೈಲ್‌ಗೆ ನೋಡಲಾಗಲಿಲ್ಲ.

"ಅವರು ತಡವಾಗೇ ಬಾರಿಸಿದ್ರು, ಅಮ್ಮಾ. ನಾನೇ ಆ ಚೂರು ಕತ್ತರಿಸಿಬಿಟ್ಟೆ."

"ತಡ ಮಾಡಿದ್ನಾ?" ಮುದುಕಿಯ ಮುಖ ಅರಳಿತು. "ಹಾಗನ್ನು! ನನ್ನ ಹಾಬರ್ಟೇ ಸರಿ. ಅದನ್ನ ವಾಪಸ್ ಹಾಕಪ್ಪಾ, ಕೇಳೋಣ."

"ಕಸಕ್ಕೆ ಹಾಕಿದ್ದೆ. ಗಾಡಿಯವರು ತಗೊಂಡ್ಹೋದ್ರು." ಲೈಲ್ ಬ್ಲೇಡಿಗೆ ಕೈ ಹಾಕಿದ. "ಬೇಕಿದ್ರೆ ಖಾಲಿ ಟೇಪು ಸೇರಿಸಿ ಅಷ್ಟೇ ತಡ ಮಾಡ್ತೀನಿ."

"ಅದು ನೀನು ಮಾಡಿದ ತಡ ಆಗುತ್ತೆ. ಅವನದಲ್ಲ."

ಯಂತ್ರ ತನ್ನ ಪಾಡಿಗೆ ನೆಟ್ಟಗೆ ಬಾರಿಸುತ್ತಲೇ ಇತ್ತು. ವರ್ನಾ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ನಾನು ಫೋನ್ ಮಾಡಿದಾಗ ಆ ಚೂರು ಇತ್ತಾ?"

ಲೈಲ್ ತಲೆ ತಗ್ಗಿಸಿದ.

"ಆಗ ಇತ್ತು."